ಜಿರಳೆಯ ಮೇಲೆ ದಂಡಯಾತ್ರೆ

ಸಂಸ್ಕೃತದಲ್ಲಿ ಜಿರಳೆಗೆ ‘ತೈಲಪಾಯಿಕಾ’ ಎಂದು ಹೆಸರು. ಎಣ್ಣೆ ಕುಡಿಯುವವಳು ಎಂದರ್ಥ. ಅಮರಕೋಶದಲ್ಲಿ ಈ ಮಾತು ಬಂದಿದೆ. ಅದು ಜಿರಳೆಯಲ್ಲ, ಬಾವಲಿ ಎಂದು ವಾದಿಸುವವರೂ ಉಂಟು. ಪಂಡಿತರ ಜಗಳ ಹೇಗಾದರೂ ಇರಲಿ, ಬಂಗಾಳಿಗಳು ಇಂದಿಗೂ ಜಿರಳೆಯನ್ನು ‘ತೇಲಾಪೋಕಾ’, ಅಂದರೆ ಎಣ್ಣೆಹುಳು, ಎಂದೇ ಕರೆಯುತ್ತಾರೆ. ಮನುಸ್ಮೃತಿಯ ಹನ್ನೆರಡನೆಯ ಅಧ್ಯಾಯದಲ್ಲಿ, ಏನನ್ನು ಕದ್ದವನು ಮುಂದೆ ಏನಾಗಿ ಹುಟ್ಟುತ್ತಾನೆ ಎಂಬುದಕ್ಕೆ ಒಂದು ಪಟ್ಟಿಯಿದೆ. ಎಣ್ಣೆ ಕದ್ದವನಿಗೆ ‘ತೈಲಪಕ’ದ ಜನ್ಮವಂತೆ. ಅದೂ ಇದೇ ಪ್ರಾಣಿಯೆಂದು ಕೆಲವರು ಅರ್ಥ ಮಾಡಿದ್ದಾರೆ. ಹೆಸರಿಟ್ಟವರು ಯಾರೇ ಆಗಲಿ, ರಾತ್ರಿ ದೀಪ ಹಿಡಿದು ಅಡಿಗೆಮನೆಗೆ ಹೋಗಿ ಎಣ್ಣೆಯ ಪಾತ್ರೆಯ ಸುತ್ತ ಕಣ್ಣಾಡಿಸಿದವರೇ ಇರಬೇಕು.

ಜಿರಳೆಯ ವಂಶಾವಳಿ ನಮ್ಮದಕ್ಕಿಂತ ಬಹಳ ದೊಡ್ಡದು. ಅದರ ಪೂರ್ವಿಕರ ರೆಕ್ಕೆಯ ಗುರುತುಗಳು ಸುಮಾರು 30 ಕೋಟಿ ವರ್ಷ ಹಳೆಯ ಕಲ್ಲಿದ್ದಲಿನ ಪದರಗಳಲ್ಲಿ ಸಿಕ್ಕಿವೆ. ಈ ಸಂಗತಿಯನ್ನು ಹೇಳಿ, “ಇಂಥ ಪ್ರಾಣಿಯನ್ನು ಯಾರು ತಾನೆ ಗೆದ್ದಾರು?” ಎಂದು ಕೈಚೆಲ್ಲುವುದು ವಾಡಿಕೆ. ಆದರೆ ಈ ಮಾತಿನಲ್ಲಿ ಸ್ವಲ್ಪ ಮೋಸವಿದೆ. ಪ್ರಪಂಚದಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ಜಾತಿಯ ಜಿರಳೆಗಳಿವೆ. ಮನುಷ್ಯನ ಮನೆಯ ಗೋಜಿಗೆ ಬರುವವು ಅವುಗಳಲ್ಲಿ ಮೂವತ್ತರಷ್ಟು ಮಾತ್ರ. ಉಳಿದವು ಕಾಡಿನ ತರಗೆಲೆಯ ಅಡಿಯಲ್ಲಿ, ಮರದ ಪೊಟರೆಯಲ್ಲಿ ತಮ್ಮ ಪಾಡಿಗೆ ತಾವು ಸಂಸಾರ ಮಾಡಿಕೊಂಡಿವೆ. ನಮ್ಮೊಡನೆ ವ್ಯಾಜ್ಯ ಹೂಡಿರುವುದು ಬೆರಳೆಣಿಕೆಯ ಕೆಲವು ಜಾತಿಗಳು.

ನಮ್ಮ ನಗರಗಳ ಮನೆಗಳಲ್ಲಿ ಮುಖ್ಯವಾಗಿ ಎರಡು ಬಗೆಯವು ಕಾಣುತ್ತವೆ. ಒಂದು ಕೆಂಪಗೆ ದೊಡ್ಡದು. ಬಚ್ಚಲಿನಿಂದ, ಮೋರಿಯಿಂದ ಮೇಲೇರಿ ಬರುವಂಥದು. ಇನ್ನೊಂದು ಅರ್ಧ ಅಂಗುಲದಷ್ಟು ಚಿಕ್ಕದು, ತಿಳಿ ಕಂದು ಬಣ್ಣದ್ದು, ಕತ್ತಿನ ಮೇಲೆ ಎರಡು ಕಪ್ಪು ಗೆರೆಗಳಿರುವುದು. ಇವು ದೊಡ್ಡ ಜಿರಳೆಯ ಮರಿಗಳೆಂದು ಅನೇಕರು ತಿಳಿದಿದ್ದಾರೆ. ಅಲ್ಲ, ಇವು ಬೇರೆಯೇ ಕುಲ. ಮಿಕ್ಸರಿನ ಅಡಿ, ಫ್ರಿಜ್ಜಿನ ಹಿಂದೆ, ಗೋಡೆಗೂ ಕಪಾಟಿಗೂ ನಡುವಿನ ಬಿರುಕು, ಇವೇ ಇವುಗಳ ನೆಲೆ. ಬೆನ್ನಿಗೂ ಹೊಟ್ಟೆಗೂ ಏನಾದರೂ ತಾಗುತ್ತಿದ್ದರೆ ಮಾತ್ರ ಇವಕ್ಕೆ ನೆಮ್ಮದಿ. ಹೆಣ್ಣು ತನ್ನ ಮೊಟ್ಟೆಯ ಚೀಲವನ್ನು ಮರಿಯಾಗುವ ಸಮಯದವರೆಗೂ ಬಾಲದ ತುದಿಯಲ್ಲಿ ಹೊತ್ತು ತಿರುಗುತ್ತದೆ. ಒಂದೊಂದು ಚೀಲದಲ್ಲಿ ಮೂವತ್ತು ನಾಲ್ವತ್ತು ಮೊಟ್ಟೆ. ಗೃಹಿಣಿಯ ನಿದ್ದೆಗೆಡಿಸುವುದು ದೊಡ್ಡದಲ್ಲ, ಈ ಚಿಕ್ಕದೇ.

ಈ ಚಿಕ್ಕ ಜಿರಳೆಗೆ ವಿಜ್ಞಾನಿಗಳು ಇಟ್ಟ ಹೆಸರು ‘ಜರ್ಮನ್ ಜಿರಳೆ’. ಸ್ವೀಡನ್ನಿನ ಲಿನೇಯಸ್ 1767ರಲ್ಲಿ ಹಾಗೆ ನಾಮಕರಣ ಮಾಡಿದ. ಯುರೋಪಿನ ದೊರೆಗಳು ಏಳು ವರ್ಷ ಕಾದಾಡಿ ಮುಗಿಸಿ ಆಗಿನ್ನೂ ನಾಲ್ಕೇ ವರ್ಷವಾಗಿತ್ತು. ರಷ್ಯದವರು ಈ ಹುಳುವನ್ನು ‘ಪ್ರಷ್ಯದವನು’ ಎಂದರು. ಜರ್ಮನಿಯಲ್ಲಿ ಕೆಲವು ಕಡೆ ಅದೇ ಹುಳುವಿಗೆ ‘ರಷ್ಯದವನು’ ಎಂದು ಹೆಸರು. ಮನೆಯ ಕೊಳಕು ಪಕ್ಕದ ಮನೆಯಿಂದಲೇ ಬಂದದ್ದು ಎನ್ನುವುದು ಎಲ್ಲ ದೇಶಗಳ ಸಂಪ್ರದಾಯವೆಂದು ಕಾಣುತ್ತದೆ.

ನಿಜವಾಗಿ ಬಂದದ್ದು ಎಲ್ಲಿಂದ? ಉತ್ತರ ಸಿಕ್ಕಿದ್ದು 2024ರಲ್ಲಿ. ಹದಿನೇಳು ದೇಶಗಳಿಂದ 281 ಜಿರಳೆಗಳನ್ನು ತರಿಸಿ, ಅವುಗಳ ವಂಶವಾಹಿನಿಗಳನ್ನು ಹೋಲಿಸಿ ನೋಡಿದ ಸಂಶೋಧಕರು ತೀರ್ಪು ಕೊಟ್ಟರು. ಅದು ಜರ್ಮನಿಯದೂ ಅಲ್ಲ, ರಷ್ಯದ್ದೂ ಅಲ್ಲ, ನಮ್ಮದು! ಬಯಲಿನಲ್ಲಿ, ಎಲೆಗಸದಲ್ಲಿ ಬದುಕುವ ‘ಏಷ್ಯದ ಜಿರಳೆ’ ಎಂಬ ಜಾತಿಯಿಂದ ಸುಮಾರು 2,100 ವರ್ಷಗಳ ಹಿಂದೆ, ಭಾರತದಲ್ಲಿಯೋ ಮ್ಯಾನ್ಮಾರಿನಲ್ಲಿಯೋ, ಇದು ಕವಲೊಡೆಯಿತು. ಮನುಷ್ಯರ ವಸತಿಯ ಆಸರೆಗೆ ಒಗ್ಗಿಕೊಂಡಿತು. ಸುಮಾರು 1,200 ವರ್ಷಗಳ ಹಿಂದೆ, ಖಲೀಫರ ಸಾಮ್ರಾಜ್ಯದ ವ್ಯಾಪಾರವೂ ದಂಡೂ ಬೆಳೆದ ಕಾಲದಲ್ಲಿ, ಪಶ್ಚಿಮ ಏಷ್ಯಕ್ಕೆ ಹೋಯಿತು. ಸುಮಾರು 390 ವರ್ಷಗಳ ಹಿಂದೆ, ಡಚ್ಚರ ಮತ್ತು ಇಂಗ್ಲಿಷರ ಕಂಪೆನಿಗಳ ಕಾಲದಲ್ಲಿ, ಪೂರ್ವದ ದ್ವೀಪಗಳಿಗೆ ಹೊರಟಿತು. ಯುರೋಪನ್ನು ಮುಟ್ಟಿ ಸುಮಾರು 270 ವರ್ಷವಾಯಿತು. ಅಂದರೆ ಲಿನೇಯಸ್ ಅದಕ್ಕೆ ಹೆಸರಿಟ್ಟಾಗ ಅದು ಆ ಖಂಡಕ್ಕೆ ಬಂದು ಬಹಳ ದಿನವಾಗಿರಲಿಲ್ಲ.

ಈ ಸಂಶೋಧನೆಯಲ್ಲಿ ಹೆಮ್ಮೆಪಡುವುದಕ್ಕೆ ಏನೂ ಇಲ್ಲ, ನಾಚುವುದಕ್ಕೂ ಇಲ್ಲ. ಆದರೆ ಯೋಚಿಸಬೇಕಾದ ಒಂದು ಮಾತಿದೆ. ಈ ಚಿಕ್ಕ ಜಿರಳೆ ಇಂದು ಕಾಡಿನಲ್ಲಿ ಎಲ್ಲಿಯೂ ಇಲ್ಲ. ಮನುಷ್ಯ ಕಟ್ಟಿದ ಕಟ್ಟಡ, ಹಡಗು, ಬಂಡಿಗಳ ಹೊರಗೆ ಅದಕ್ಕೆ ಊರಿಲ್ಲ. ಇಲಿಯನ್ನು ಹೊಲಕ್ಕೆ ಓಡಿಸಬಹುದು, ಹಾವನ್ನು ಹಿತ್ತಲಾಚೆ ಬಿಟ್ಟು ಬರಬಹುದು. ಇದನ್ನು ಓಡಿಸುವುದೆಂದರೆ ಎಲ್ಲಿಗೆ? ನೆರೆಯವರ ಅಡಿಗೆಮನೆಗೇ ಅಲ್ಲವೆ?

ಹಡಗಿನವರಿಗೆ ಅಂಥ ಸೌಕರ್ಯವೂ ಇರಲಿಲ್ಲ. ಇಂಗ್ಲೆಂಡಿನ ಫ್ರಾನ್ಸಿಸ್ ಡ್ರೇಕ್ 1587ರಲ್ಲಿ, ಹಿಂದೂದೇಶದ ಸರಕು ತುಂಬಿಕೊಂಡು ಲಿಸ್ಬನ್ನಿಗೆ ಮರಳುತ್ತಿದ್ದ ‘ಸಾವೊ ಫಿಲಿಪೆ’ ಎಂಬ ಪೋರ್ಚುಗೀಸ್ ಹಡಗನ್ನು ಅಜೋರ್ಸ್ ದ್ವೀಪಗಳ ಹತ್ತಿರ ಹಿಡಿದ. ಅದರೊಳಗೆ ಸಾಂಬಾರ ಪದಾರ್ಥಗಳ ಜೊತೆಗೆ ಹಿಂಡುಹಿಂಡಾಗಿ ಜಿರಳೆಗಳೂ ಸಿಕ್ಕವೆಂದು ಥಾಮಸ್ ಮಫೆಟ್ ಎಂಬ ವೈದ್ಯ ಕೀಟಗಳ ಮೇಲಿನ ತನ್ನ ಗ್ರಂಥದಲ್ಲಿ ಬರೆದಿಟ್ಟಿದ್ದಾನೆ. ಇತ್ತ ದೊಡ್ಡ ಕೆಂಪು ಜಿರಳೆಯ ಕಥೆ ಬೇರೆ. ಅದಕ್ಕೆ ‘ಅಮೆರಿಕದ್ದು’ ಎಂದು ಹೆಸರಾದರೂ ಅದರ ತವರು ಆಫ್ರಿಕ. ಗುಲಾಮರನ್ನು ಸಾಗಿಸಿದ ಹಡಗುಗಳಲ್ಲಿ ಅಟ್ಲಾಂಟಿಕ್ ದಾಟಿತು. ಹೆಸರಿನ ನ್ಯಾಯ ಇದಕ್ಕೂ ಸಿಗಲಿಲ್ಲ. 1624ರ ಹೊತ್ತಿಗೇ ಕ್ಯಾಪ್ಟನ್ ಜಾನ್ ಸ್ಮಿತ್, ಪೆಟ್ಟಿಗೆಗಳಿಗೆ ನುಗ್ಗಿ ತಿಂದು ಹೊಲಸು ಮಾಡುವ ಈ ಹುಳುವಿನ ವಿಷಯ ಬರೆದು, ಸ್ಪೇನಿನವರು ಅದನ್ನು ಕರೆಯುವ ಹೆಸರನ್ನು ತನ್ನ ಕಿವಿಗೆ ಕೇಳಿಸಿದಂತೆ ದಾಖಲಿಸಿದ. ಆ ‘ಕುಕರಾಚಾ’ವೇ ಇಂಗ್ಲಿಷರ ಬಾಯಲ್ಲಿ ‘ಕಾಕ್ರೋಚ್’ ಆಯಿತು.

‘ಬೌಂಟಿ’ ಹಡಗಿನ ದಂಗೆಯ ಕಥೆಯನ್ನು ಓದಿದವರು ಕ್ಯಾಪ್ಟನ್ ಬ್ಲೈ ಎಂಬಾತನನ್ನು ಬಲ್ಲರು. ತಾಹಿತಿ ದ್ವೀಪದಿಂದ ಬ್ರೆಡ್‌ಫ್ರೂಟ್ ಸಸಿಗಳನ್ನು, ನಮ್ಮ ಕರಾವಳಿಯವರು ಜೀಗುಜ್ಜೆ ಎನ್ನುವ ಗಿಡಗಳನ್ನು, ತರಲು ಹೋಗಿದ್ದವನು ಈತ. 1788-89ರಲ್ಲಿ ಅಲ್ಲಿ ಲಂಗರು ಹಾಕಿದ್ದಾಗ, ನಾವಿಕರ ಪೆಟ್ಟಿಗೆಗಳನ್ನೆಲ್ಲ ದಡಕ್ಕೆ ಸಾಗಿಸಿ, ಹಡಗಿನ ಒಳಭಾಗವನ್ನು ಕುದಿಯುವ ನೀರಿನಿಂದ ತೊಳೆಸಿದ. ಜಿರಳೆಗಳನ್ನು ಕೊಲ್ಲುವುದಕ್ಕೆ! ದಂಗೆಯೆದ್ದ ನಾವಿಕರು ಬ್ಲೈಯ ಮೇಲೆ ಏನೇನೋ ದೂರು ಹೇಳಿದರು. ಜಿರಳೆಗಳಿಗೂ ಬಾಯಿದ್ದರೆ ಆ ಪಟ್ಟಿ ಇನ್ನೂ ಉದ್ದವಾಗುತ್ತಿತ್ತು.

ನೆಲದ ಮೇಲಿನವರ ಉಪಾಯಗಳೂ ಸ್ವಾರಸ್ಯವಾಗಿವೆ. ರಷ್ಯದ ರೈತರು ಕೊರೆಯುವ ಚಳಿಗಾಲದಲ್ಲಿ ಮನೆಯ ಒಲೆಯನ್ನು ಆರಿಸಿ, ಬಾಗಿಲು ಕಿಟಕಿಗಳನ್ನು ತೆರೆದಿಟ್ಟು, ಕೆಲವು ದಿನ ನೆರೆಮನೆಯಲ್ಲಿ ಬಿಡಾರ ಮಾಡುತ್ತಿದ್ದರು. ಹಿಂದಿರುಗುವ ಹೊತ್ತಿಗೆ ಜಿರಳೆಗಳು ಹೆಪ್ಪುಗಟ್ಟಿ ಸತ್ತಿರುತ್ತಿದ್ದವು. ನಮ್ಮ ಸೀಮೆಯಲ್ಲಿ ಈ ಉಪಾಯಕ್ಕೆ ಸೂರ್ಯದೇವನ ಒಪ್ಪಿಗೆಯಿಲ್ಲ. ಇಂಗ್ಲೆಂಡಿನಲ್ಲಿ ಮುಳ್ಳುಹಂದಿಯಂತೆ ಮೈಮೇಲೆ ಮುಳ್ಳಿರುವ ಹೆಡ್ಜ್‌ಹಾಗ್ ಎಂಬ ಪುಟ್ಟ ಪ್ರಾಣಿಯನ್ನು ತಂದು ನೆಲಮಾಳಿಗೆಯ ಅಡಿಗೆಮನೆಯಲ್ಲಿ ಬಿಡುತ್ತಿದ್ದರು. ಅದು ರಾತ್ರಿಯಿಡೀ ಜಿರಳೆ ತಿಂದು ಹಗಲು ಮಲಗುತ್ತಿತ್ತು. ಇವೆರಡರಲ್ಲಿಯೂ ಮನೆಯ ಮಕ್ಕಳಿಗೆ ಅಪಾಯವಿರಲಿಲ್ಲ ಎಂಬುದನ್ನು ಗಮನಿಸಬೇಕು.

ಹತ್ತೊಂಬತ್ತನೆಯ ಶತಮಾನದಲ್ಲಿ ಪುಡಿಗಳ ಯುಗ ಬಂತು. ಕಾಕಸಸ್ ಸೀಮೆಯಲ್ಲಿಯೂ ದಲ್ಮೇಷಿಯದ ಕಡಲತೀರದಲ್ಲಿಯೂ ನಮ್ಮ ಸೇವಂತಿಗೆಯ ದಾಯಾದಿಗಳಾದ ಕೆಲವು ಹೂಗಳು ಬೆಳೆಯುತ್ತವೆ. ಅವನ್ನು ಒಣಗಿಸಿ ಪುಡಿಮಾಡಿದರೆ ಹುಳುಗಳಿಗೆ ಮೃತ್ಯು, ಮನುಷ್ಯನಿಗೆ ಹೆಚ್ಚಿನ ಕೇಡಿಲ್ಲ. ಯೋಹಾನ್ ಜಾಖರ್ಲ್ ಎಂಬ ವ್ಯಾಪಾರಿ ಇದನ್ನು ಟಿಫ್ಲಿಸ್ ನಗರದಿಂದ ವಿಯೆನ್ನಕ್ಕೆ ತಂದು ಮಾರಿ ಹಣವಂತನಾದ. 1888ರಿಂದ 1892ರವರೆಗೆ ಆ ಮನೆತನದವರು ವಿಯೆನ್ನದಲ್ಲಿ ಕಟ್ಟಿಸಿದ ಕಾರ್ಖಾನೆ ಗುಮ್ಮಟ, ಬಣ್ಣದ ಹೆಂಚುಗಳಿಂದ ಥೇಟು ಮಸೀದಿಯ ಹಾಗಿದೆ. ಔಷಧಿ ಪೂರ್ವದೇಶದ್ದೆಂದು ಗಿರಾಕಿಗಳಿಗೆ ನಂಬಿಕೆ ಹುಟ್ಟಬೇಡವೆ? ಇಂದು ಡಬ್ಬಿಯಿಂದ ‘ಬುಸ್’ ಎಂದು ಹೊಡೆಯುವ ಔಷಧಿಗಳಲ್ಲಿ ಹೆಚ್ಚಿನವೂ, ಅಂಗಡಿಯಲ್ಲಿ ‘ಲಕ್ಷ್ಮಣರೇಖೆ’ ಎಂದು ಕೇಳಿ ಕೊಳ್ಳುವ ಸೀಮೆಸುಣ್ಣವೂ ಈ ಹೂವಿನ ಸತ್ವವನ್ನೇ ಅನುಸರಿಸಿ ಪ್ರಯೋಗಶಾಲೆಯಲ್ಲಿ ತಯಾರಿಸಿದ ರಾಸಾಯನಿಕಗಳು.

ಆದರೆ ಹೂವಿನ ಪುಡಿಗೆ ಬೆಲೆ ಹೆಚ್ಚು, ಬಾಳಿಕೆ ಕಡಿಮೆ. ಅಗ್ಗವಾದ, ಕೆಡದ ಪುಡಿ ಬೇಕಾಗಿತ್ತು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅಮೆರಿಕದಲ್ಲಿ ಸೋಡಿಯಂ ಫ್ಲೋರೈಡ್ ಬಳಕೆಗೆ ಬಂತು. ಬೆಳ್ಳಗೆ, ನುಣ್ಣಗೆ, ವಾಸನೆಯಿಲ್ಲದೆ, ಹಿಟ್ಟಿನ ಹಾಗೆಯೇ ಇರುವ ಪುಡಿ. ಜಿರಳೆಯ ಕಾಲಿಗೆ ಹತ್ತುತ್ತದೆ. ಅದು ಕಾಲನ್ನು ಬಾಯಿಂದ ಶುಚಿ ಮಾಡಿಕೊಳ್ಳುವಾಗ ಹೊಟ್ಟೆಗೆ ಹೋಗಿ ಸಾಯುತ್ತದೆ. ಹೋಟೆಲು, ಆಸ್ಪತ್ರೆ, ಸೆರೆಮನೆಗಳ ಉಗ್ರಾಣಗಳಲ್ಲಿ ಅದರ ಡಬ್ಬಗಳು ಬಂದು ಕುಳಿತವು.

1942ರ ನವೆಂಬರ್ 18ರಂದು ಆರೆಗನ್ ಸಂಸ್ಥಾನದ ಸೇಲಂ ನಗರದಲ್ಲಿರುವ ಸರಕಾರಿ ಮಾನಸಿಕ ಆಸ್ಪತ್ರೆಯಲ್ಲಿ ರಾತ್ರಿಯ ಊಟಕ್ಕೆ ಮೊಟ್ಟೆಯ ಪಲ್ಯ ಮಾಡುತ್ತಿದ್ದರು. ಹಾಲಿನ ಪುಡಿ ಸಾಲದೆ ಹೋಯಿತು. ಯುದ್ಧಕಾಲ, ಕೆಲಸಗಾರರು ಕಡಿಮೆ, ಅಡಿಗೆಗೆ ರೋಗಿಗಳೂ ಕೈಹಾಕುತ್ತಿದ್ದರು. ಅಡಿಗೆಯವನೊಬ್ಬ ಒಬ್ಬ ರೋಗಿಯ ಕೈಗೆ ಬೀಗದ ಕೈ ಕೊಟ್ಟು ನೆಲಮಾಳಿಗೆಯ ಉಗ್ರಾಣದಿಂದ ಹಾಲಿನ ಪುಡಿ ತರಲು ಕಳುಹಿಸಿದ. ಆತ ಸುಮಾರು ಆರು ಪೌಂಡು ಬಿಳಿಯ ಪುಡಿ ತಂದುಕೊಟ್ಟ. ಅದು ಜಿರಳೆಯ ವಿಷ. ಊಟ ಬಡಿಸಿದ ಸ್ವಲ್ಪ ಹೊತ್ತಿಗೇ ಜನ ಉರುಳತೊಡಗಿದರು. ಇನ್ನೂರಕ್ಕೂ ಹೆಚ್ಚು ಮಂದಿ ಕಾಯಿಲೆ ಬಿದ್ದರು. 47 ಮಂದಿ ಸತ್ತರು.

ಮುಂದಿನ ಸಂಗತಿ ಇನ್ನೂ ದುಃಖದ್ದು. ಶತ್ರುಗಳ ಕುತಂತ್ರವಿರಬಹುದೆಂಬ ಗುಮಾನಿ ಹುಟ್ಟಿತು. ಸರಕಾರ ಹಂಚಿದ್ದ ಮೊಟ್ಟೆಗಳೇ ಕೆಟ್ಟಿರಬಹುದೆಂದು ಆ ದಾಸ್ತಾನಿನ ಬಳಕೆಯನ್ನು ಎಲ್ಲ ಕಡೆಯೂ ನಿಲ್ಲಿಸಿದರು. ನಿಜವೇನೆಂದು ಊಹಿಸಿದ್ದ ಅಡಿಗೆಯವರು ಹೆದರಿ ಕೆಲವು ದಿನ ಬಾಯಿ ಬಿಡಲಿಲ್ಲ. ಕೊನೆಗೆ ಅವರನ್ನು ಬಂಧಿಸಿದರೂ ಮೊಕದ್ದಮೆ ನಡೆಯಲಿಲ್ಲ. ಪುಡಿ ತಂದುಕೊಟ್ಟ ರೋಗಿಯನ್ನು ಮಾತ್ರ ಜೊತೆಯ ರೋಗಿಗಳು ಬಹುಕಾಲ ದೂಷಿಸಿದರು. ಅವನು ಮಾಡಿದ ತಪ್ಪಾದರೂ ಏನು? ಬಿಳಿಯ ಪುಡಿಯಿದ್ದ ಕೋಣೆಗೆ ಬಿಳಿಯ ಪುಡಿ ತರಲು ಹೋಗಿದ್ದ, ಅಷ್ಟೆ. ಆಹಾರವನ್ನೂ ವಿಷವನ್ನೂ ಒಂದೇ ಸೂರಿನಡಿ ಇಟ್ಟವರ ಹೆಸರು ಹಿಡಿದು ಯಾರೂ ಬಯ್ಯಲಿಲ್ಲ. 1947ರಲ್ಲಿ ಅಮೆರಿಕದ ಸರಕಾರ ಕೀಟನಾಶಕಗಳ ಕಾನೂನು ಮಾಡಿದಾಗ, ಸೋಡಿಯಂ ಫ್ಲೋರೈಡ್ ಮೊದಲಾದ ಬಿಳಿಯ ವಿಷಗಳಿಗೆ ಎದ್ದುಕಾಣುವ ಬಣ್ಣ ಬೆರೆಸದೆ ಮಾರಕೂಡದೆಂದು ವಿಧಿಸಿತು.

ಆ ಹೊತ್ತಿಗೆ ಹೊಸ ಬ್ರಹ್ಮಾಸ್ತ್ರ ಬಂದಾಗಿತ್ತು. 1939ರಲ್ಲಿ ಸ್ವಿಟ್ಜರ್ಲೆಂಡಿನ ಪೌಲ್ ಮುಲ್ಲರ್ ಡಿ.ಡಿ.ಟಿ.ಯ ಕೀಟನಾಶಕ ಶಕ್ತಿಯನ್ನು ಕಂಡುಹಿಡಿದ; 1948ರಲ್ಲಿ ಆತನಿಗೆ ನೊಬೆಲ್ ಬಹುಮಾನ ಬಂತು. ನಮ್ಮ ದೇಶದಲ್ಲಿ 1953ರಿಂದ ಮಲೇರಿಯಾ ನಿವಾರಣೆಗಾಗಿ ಮನೆಮನೆಯ ಗೋಡೆಗೂ ಅದನ್ನು ಸಿಂಪಡಿಸಿದರು. ಲಕ್ಷಾಂತರ ಜನರ ಜೀವವನ್ನು ಉಳಿಸಿದ ಔಷಧಿ. ಅದನ್ನು ಹಳಿಯುವುದು ಸುಲಭ, ಆದರೆ ನ್ಯಾಯವಲ್ಲ. ಜಿರಳೆಯ ವಿಷಯದಲ್ಲಿ ಮಾತ್ರ ಅದರ ಪ್ರತಾಪ ಅಷ್ಟಕ್ಕಷ್ಟೆ. ಹಳೆಯ ಮನೆಗಳ ಅಟ್ಟದಲ್ಲಿ ಇಂದೂ ಸಿಗಬಹುದಾದ, ಡಬ್ಬಿ ಕಟ್ಟಿದ ತಗಡಿನ ಪಂಪಿಗೆ ‘ಫ್ಲಿಟ್ ಪಂಪು’ ಎಂದು ಹೆಸರು. ಫ್ಲಿಟ್ ಎಂಬುದು 1923ರಲ್ಲಿ ಅಮೆರಿಕದ ಎಣ್ಣೆಯ ಕಂಪೆನಿಯೊಂದು ಹೊರಡಿಸಿದ ಔಷಧಿ. ಮುಂದೆ ಡಾಕ್ಟರ್ ಸ್ಯೂಸ್ ಎಂಬ ಹೆಸರಿನಿಂದ ಮಕ್ಕಳ ಪುಸ್ತಕ ಬರೆದು ಪ್ರಸಿದ್ಧನಾದ ಚಿತ್ರಕಾರ ಅದರ ಜಾಹೀರಾತುಗಳಿಗೆ ಬಹಳ ವರ್ಷ ಚಿತ್ರ ಬರೆದು ಹೊಟ್ಟೆ ಹೊರೆದುಕೊಂಡ. ಔಷಧಿ ಹೋದರೂ ಪಂಪಿನ ಹೆಸರು ನಮ್ಮಲ್ಲಿ ಉಳಿದುಕೊಂಡಿತು.

ಜಿರಳೆಗೆ ತಕ್ಕ ಮದ್ದು ಎನಿಸಿದ್ದು 1945ರಲ್ಲಿ ಬಂದ ಕ್ಲೋರ್ಡೇನ್. ಏಳೆಂಟು ವರ್ಷ ಕಳೆಯುವಷ್ಟರಲ್ಲಿಯೇ ಟೆಕ್ಸಾಸಿನ ಕಾರ್ಪಸ್ ಕ್ರಿಸ್ಟಿ ನಗರದಿಂದ ಸುದ್ದಿ ಬಂತು: ಅಲ್ಲಿಯ ಚಿಕ್ಕ ಜಿರಳೆಗಳು ಅದಕ್ಕೆ ಸಾಯುತ್ತಿಲ್ಲ. ಸಾವಿರ ಜಿರಳೆಗಳಲ್ಲಿ ವಿಷವನ್ನು ಜೀರ್ಣಿಸಿಕೊಳ್ಳಬಲ್ಲವು ಹತ್ತು ಇದ್ದರೆ, ಔಷಧಿ ಹೊಡೆದ ಮೇಲೆ ಉಳಿಯುವುದು ಆ ಹತ್ತೇ. ಮುಂದಿನ ಸಂತಾನವೆಲ್ಲ ಅವುಗಳದೇ. ಎರಡು ಮೂರು ತಿಂಗಳಿಗೊಂದು ತಲೆಮಾರು ಬರುವ ಪ್ರಾಣಿಗೆ ಇದು ಕಷ್ಟದ ಕೆಲಸವಲ್ಲ. ಅಲ್ಲಿಂದೀಚೆಗೆ ಬಂದ ಔಷಧಿಗಳ ಗತಿಯೂ ಹೆಚ್ಚುಕಡಿಮೆ ಇದೇ.

ಹೊಡೆದದ್ದು ನಾಟದಿದ್ದಾಗ ಮನುಷ್ಯ ಇನ್ನೂ ಘೋರವಾದದ್ದನ್ನು ಹುಡುಕುತ್ತಾನೆ. 1994ರಲ್ಲಿ ಓಹಾಯೋದಲ್ಲಿ, 1996ರಲ್ಲಿ ಮಿಸಿಸಿಪ್ಪಿಯಲ್ಲಿ ಪರವಾನಗಿಯಿಲ್ಲದ ಔಷಧಿಯವರು ಹತ್ತಿಯ ಹೊಲಕ್ಕೆ ಹೊಡೆಯುವ ಮೀಥೈಲ್ ಪ್ಯಾರಥಿಯಾನನ್ನು ಮನೆಗಳೊಳಗೆ ಹೊಡೆದಿದ್ದುದು ಬಯಲಾಯಿತು. ಕರೆಸಿಕೊಂಡವರಲ್ಲಿ ಹೆಚ್ಚಿನವರು ಬಡವರು. ಕಡಿಮೆ ಹಣಕ್ಕೆ ಜಿರಳೆಯ ಕಾಟ ತಪ್ಪಿತೆಂದು ಸಂತೋಷಪಟ್ಟವರು. ಸರಕಾರ ಅವರನ್ನು ಮನೆ ಬಿಡಿಸಿ, ಗೋಡೆಯ ಹಲಗೆಗಳನ್ನೇ ಕಿತ್ತು ಬದಲಾಯಿಸಬೇಕಾಯಿತು. ಔಷಧಿ ಹೊಡೆಸಿದ ಮನೆಯಲ್ಲಿ ಬೇಗ ಬಾಗಿಲು ಹಾಕಿಕೊಂಡು ಮಲಗಿ ಪ್ರಾಣ ಕಳೆದುಕೊಂಡವರ ಸುದ್ದಿಯನ್ನು ನಮ್ಮ ಪತ್ರಿಕೆಗಳಲ್ಲಿಯೂ ಓದಿದ್ದೇವೆ.

ಹಾಗಾದರೆ ಜಿರಳೆ ಇದ್ದುಕೊಂಡು ಹೋಗಲಿ ಎನ್ನುವಂತೆಯೂ ಇಲ್ಲ. ಅದರ ಹಿಕ್ಕೆ, ಉದುರಿದ ಚರ್ಮ ಧೂಳಿನಲ್ಲಿ ಬೆರೆತು ಉಸಿರಿನೊಡನೆ ಒಳಗೆ ಹೋಗುತ್ತದೆ. ಅಮೆರಿಕದ ಎಂಟು ನಗರಪ್ರದೇಶಗಳ ಆಸ್ತಮಾ ಮಕ್ಕಳನ್ನು ಕುರಿತು 1997ರಲ್ಲಿ ಪ್ರಕಟವಾದ ಅಧ್ಯಯನವೊಂದು, ಜಿರಳೆ ಒಗ್ಗದ ಮೈಯಿದ್ದು, ಜಿರಳೆಯ ಧೂಳು ಹೆಚ್ಚಾಗಿರುವ ಕೋಣೆಯಲ್ಲಿ ಮಲಗುವ ಮಕ್ಕಳು ಮಿಕ್ಕವರಿಗಿಂತ ಮೂರು ಪಟ್ಟು ಹೆಚ್ಚಾಗಿ ಆಸ್ಪತ್ರೆ ಸೇರುತ್ತಾರೆಂದು ತೋರಿಸಿತು. ರಾತ್ರಿ ಮಗು ಉಬ್ಬಸಪಡುವ ಮನೆಯಲ್ಲಿ ಇದು ಹಾಸ್ಯದ ವಿಷಯವಲ್ಲ.

ವಿಚಿತ್ರವೆಂದರೆ, ಇಷ್ಟೆಲ್ಲ ಅಸ್ತ್ರಗಳ ನಡುವೆ ಮಾನ ಉಳಿಸಿಕೊಂಡದ್ದು ಬಹಳ ಹಳೆಯದೊಂದು ವಸ್ತು. ಅಕ್ಕಸಾಲಿಗರು ಬೆಸುಗೆಗೆ ಬಳಸುವ ಬಿಳಿಗಾರ. ಟಿಬೆಟ್ಟಿನ ಸರೋವರಗಳ ದಡದಲ್ಲಿ, ಲಡಾಖಿನ ಪುಗಾ ಕಣಿವೆಯಲ್ಲಿ ದೊರೆಯುತ್ತಿದ್ದ ಇದನ್ನು ಕುರಿ ಮೇಕೆಗಳ ಬೆನ್ನಮೇಲೆ ಹೇರಿ ಹಿಮಾಲಯದ ಕಣಿವೆಗಳನ್ನು ದಾಟಿಸುತ್ತಿದ್ದರು. ಯುರೋಪಿಗೂ ಇಲ್ಲಿಂದಲೇ ಹೋಗುತ್ತಿತ್ತು. ಇದರಿಂದ ತೆಗೆದ ಬೋರಿಕ್ ಪುಡಿಯನ್ನು ಕೇರಂ ಹಲಗೆಯ ಮೇಲೆ ಉದುರಿಸುವುದು ಎಲ್ಲ ಹುಡುಗರಿಗೂ ಗೊತ್ತು. ಜಿರಳೆ ಇದರ ಮೇಲೆ ನಡೆದು, ಕಾಲು ನೆಕ್ಕಿ, ಕೆಲವು ದಿನಗಳಲ್ಲಿ ಸಾಯುತ್ತದೆ.

ಕೆಲವು ದಿನ! ಹೊಸ ಔಷಧಿಗಳು ಕ್ಷಣದಲ್ಲಿ ಕೆಡವುವಾಗ ಈ ಎತ್ತಿನ ಗಾಡಿ ಯಾರಿಗೆ ಬೇಕು ಎಂದು ಜನ ಇದನ್ನು ಮರೆತಿದ್ದರು. ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯದ ವಾಲ್ಟರ್ ಎಬೆಲಿಂಗ್ 1960ರ ದಶಕದಲ್ಲಿ ಒಂದು ಪೆಟ್ಟಿಗೆ ಮಾಡಿದ. ಎರಡು ಕೋಣೆ: ಒಂದು ಬೆಳಕಿನದು, ಇನ್ನೊಂದು ಕತ್ತಲೆಯದು; ನಡುವೆ ಚಿಕ್ಕ ತೂತು. ಕತ್ತಲ ಕೋಣೆಯಲ್ಲಿ ವಿಷದ ಪುಡಿ. ಬೇಗ ಕೊಲ್ಲುವ ಪುಡಿಯಿಟ್ಟಾಗ ಜಿರಳೆಗಳು ಅದರ ಸುಳಿವು ಹಿಡಿದು, ತಮಗೆ ಸೇರದ ಬೆಳಕಿನಲ್ಲಿಯೇ ಕುಳಿತು ಜೀವ ಉಳಿಸಿಕೊಂಡವು. ಬೋರಿಕ್ ಪುಡಿಯಿಟ್ಟಾಗ ಯಾವ ಅನುಮಾನವೂ ಇಲ್ಲದೆ ಹೋಗಿ ಬಂದು ಮಾಡುತ್ತ, ದಿನಕ್ಕಿಷ್ಟರಂತೆ ಸತ್ತವು. ಅವಸರದ ವಿಷಕ್ಕಿಂತ ನಿಧಾನದ ವಿಷ ಹೆಚ್ಚು ಕೊಂದಿತು.

ಇದನ್ನು ಬಳಸುವುದಕ್ಕೂ ಕ್ರಮವುಂಟು. ರಾಶಿ ಸುರಿದರೆ ಜಿರಳೆ ಸುತ್ತಿಕೊಂಡು ಹೋಗುತ್ತದೆ. ಕಣ್ಣಿಗೆ ಕಂಡೂ ಕಾಣದಷ್ಟು ತೆಳುವಾಗಿ, ಒಣಗಿದ ಬಿರುಕುಗಳೊಳಗೆ, ಕಪಾಟಿನ ಹಿಂದೆ ಊದಬೇಕು. ಇದೂ ವಿಷವೇ, ಹಸುಗೂಸುಗಳ ಹೊಟ್ಟೆಗೆ ಹೋದರೆ ಅಪಾಯ. ಹಿಟ್ಟಿನ ಡಬ್ಬಿಗಳ ಸಾಲಿನಲ್ಲಿ ಇಡತಕ್ಕ ವಸ್ತುವಲ್ಲ. ಸೇಲಂ ನಗರದ ಉಗ್ರಾಣವನ್ನು ನೆನೆದರೆ ಸಾಕು.

ನೀರಿನ ಸಂಗತಿಯನ್ನು ಹೆಚ್ಚಿನವರು ಗಮನಿಸುವುದೇ ಇಲ್ಲ. ಚಿಕ್ಕ ಜಿರಳೆ ನೀರೊಂದಿದ್ದರೆ ಅನ್ನವಿಲ್ಲದೆ ತಿಂಗಳ ಮೇಲೆ ಬದುಕೀತು. ನೀರಿಲ್ಲದಿದ್ದರೆ ಎರಡು ವಾರ ತಾಳುವುದು ಕಷ್ಟ. ಮುಸುರೆಯ ಪಾತ್ರೆಗಳನ್ನು ಬೆಳಿಗ್ಗೆ ಕೆಲಸದವಳು ಬಂದು ತೊಳೆಯಲೆಂದು ಸಿಂಕಿನಲ್ಲಿ ನೆನೆಹಾಕಿ ಮಲಗುವುದೆಂದರೆ ಅವಕ್ಕೆ ಅರವಟ್ಟಿಗೆ ಇಟ್ಟಂತೆ. ಹಿಂದೆ ರಾತ್ರಿಯ ಊಟವಾದ ಮೇಲೆ ಒಲೆ ಸಾರಿಸಿ, ನೆಲ ಒರೆಸಿ, ಪಾತ್ರೆ ಬೋರಲು ಹಾಕಿಯೇ ಅಡಿಗೆಮನೆಯ ಬಾಗಿಲು ಹಾಕುತ್ತಿದ್ದ ಅಜ್ಜಿಯರು ಮಡಿಯ ಹೆಸರಿನಲ್ಲಿ ಮಾಡಿದ್ದು ಇದನ್ನೇ. ಆ ದುಡಿತವೆಲ್ಲ ಅವರೊಬ್ಬರ ಬೆನ್ನ ಮೇಲೆ ಬಿದ್ದಿತ್ತೆಂಬುದನ್ನೂ ಹೇಳಬೇಕು. ತೊಟ್ಟಿಕ್ಕುವ ನಲ್ಲಿಗೆ ವಾಷರು ಹಾಕಿಸುವುದು, ಗೋಡೆಯ ಬಿರುಕಿಗೆ ಸಿಮೆಂಟು ಮೆತ್ತಿಸುವುದು, ಅಂಗಡಿಯಿಂದ ಬಂದ ರಟ್ಟಿನ ಪೆಟ್ಟಿಗೆಯನ್ನು ಮನೆಯೊಳಗೆ ಕೂಡಿಡದೆ ಅಂದೇ ಹೊರಹಾಕುವುದು, ಇವು ಗಂಡಸರೂ ಮಾಡಬಹುದಾದ ಕೆಲಸಗಳು.

ನಿಧಾನದ ವಿಷವನ್ನು ಸಿಹಿಯಲ್ಲಿ ಬೆರೆಸಿ ತಿನ್ನಿಸುವ ಉಪಾಯ 1980ರ ದಶಕದಲ್ಲಿ ಬಲವಾಗಿ ಬಂತು. ಇಂದು ಅಡಿಗೆಮನೆಯ ಮೂಲೆಗಳಲ್ಲಿ ಚುಕ್ಕೆಚುಕ್ಕೆಯಾಗಿ ಇಡುವ ಅಂಟು ಔಷಧಿ ಈ ಜಾತಿಯದು. ತಿಂದ ಜಿರಳೆ ಗೂಡಿಗೆ ಹೋಗಿ ಸಾಯುತ್ತದೆ. ಅದರ ಹಿಕ್ಕೆಯನ್ನು ತಿಂದ ಮರಿಗಳೂ ಸಾಯುತ್ತವೆ. ಗಾಳಿಯಲ್ಲಿ ಹರಡದು, ಬೇಕಾದುದು ಅತ್ಯಲ್ಪ. ಈವರೆಗಿನ ಅಸ್ತ್ರಗಳಲ್ಲಿ ಇದು ಒಳ್ಳೆಯದೆಂದೇ ನನ್ನ ಅಭಿಪ್ರಾಯ. ಆದರೆ ಫ್ಲಾರಿಡಾದಲ್ಲಿ ಕೆಲವು ಜಿರಳೆಗಳು ಇದನ್ನು ಮೂಸಿಯೂ ನೋಡದೆ ಹೋದವು. ಅವು ಒಲ್ಲದಿದ್ದುದು ವಿಷವನ್ನಲ್ಲ, ಅದರಲ್ಲಿದ್ದ ಗ್ಲೂಕೋಸ್ ಸಕ್ಕರೆಯನ್ನು ಎಂದು ಜೂಲ್ಸ್ ಸಿಲ್ವರ್‌ಮನ್ 1993ರಲ್ಲಿ ತೋರಿಸಿದ. ಆ ಜಿರಳೆಗಳ ನಾಲಗೆಗೆ ಗ್ಲೂಕೋಸ್ ಕಹಿಯಾಗಿ ತೋರುತ್ತದೆಂದು 2013ರಲ್ಲಿ ಗೊತ್ತಾಯಿತು.

ಇದರಿಂದ ಅವುಗಳ ಸಂಸಾರದಲ್ಲಿಯೂ ಒಂದು ಪೇಚು ಹುಟ್ಟಿತು. ಗಂಡು ಜಿರಳೆ ಹೆಣ್ಣನ್ನು ಒಲಿಸಿಕೊಳ್ಳುವಾಗ ರೆಕ್ಕೆಯೆತ್ತಿ ತನ್ನ ಬೆನ್ನಿನಲ್ಲಿ ಒಸರುವ ಸಿಹಿಯಾದ ಪಾಕವನ್ನು ಅದಕ್ಕೆ ಉಣಿಸುತ್ತದೆ. ಹೆಣ್ಣಿನ ಎಂಜಲು ಸೋಕಿದೊಡನೆ ಆ ಪಾಕದ ಸಕ್ಕರೆ ಗ್ಲೂಕೋಸ್ ಆಗುತ್ತದೆ. ಗ್ಲೂಕೋಸ್ ಒಲ್ಲದ ಹೆಣ್ಣು ಮುಖ ಸಿಂಡರಿಸಿ ಇಳಿದು ಹೋಗುತ್ತದೆ. ಅಲ್ಲಿಗೆ ಆ ವಂಶ ನಿಂತೀತೆಂದು ನಿರೀಕ್ಷಿಸಬಹುದಾಗಿತ್ತು. 2022ರ ಆಸುಪಾಸಿನಲ್ಲಿ ಉತ್ತರ ಕ್ಯಾರೊಲೈನದ ಸಂಶೋಧಕರು ನೋಡುವ ವೇಳೆಗೆ, ಆ ಕುಲದ ಗಂಡುಗಳು ಪಾಕದ ಹದವನ್ನೇ ಬದಲಾಯಿಸಿದ್ದವು: ಬೇಗ ಗ್ಲೂಕೋಸ್ ಆಗದ ಬೇರೊಂದು ಸಕ್ಕರೆಯ ಪಾಲನ್ನು ಅದರಲ್ಲಿ ಹೆಚ್ಚಿಸಿಕೊಂಡಿದ್ದವು.